ಲಗಮವ್ವ ಆಟದ ಒಳಮೈ ನೋಡಿದ್ದು

"ಇವತ್ತ ಗಂಟಿ ಯಾಕ ಬಡೀವಲ್ದು?"

ನೆಲದ ಗುಂಡಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಲಗಮವ್ವ ಕೇಳಿದಳು. ಯಾರನ್ನು ಕೇಳಿದಳು ಎಂದರೆ ಯಾರನ್ನೂ ಅಲ್ಲ. ಎದುರಿಗೆ ಬಿಗಿದ ನೂಲಿನ ಹಾಸು, ಕೈಯಲ್ಲಿ ಲಾಳಿ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅವುಗಳನ್ನೇ ಕೇಳಿದ ಹಾಗೆ ಕೇಳಿ, ಲಾಳಿ ತಡೆದು, ಕಿವಿಗೊಟ್ಟಳು.

ಕಿವಿಗೊಡುವುದು ಅವಳಿಗೆ ಹುಟ್ಟಿನಿಂದ ಬಂದ ರೂಢಿ. ಓದು ಬರಹ ಬಾರದು. ಆದರೆ ಪ್ರತಿ ಶ್ರಾವಣದಲ್ಲೂ ಮಠದ ಕಂಬಕ್ಕೆ ಒರಗಿ ಕುಳಿತು ಪುರಾಣ ಕೇಳಿ ಕೇಳಿ ನೂರಾರು ಪದ್ಯ ಅವಳ ಬಾಯಲ್ಲಿದ್ದವು. ಓದುವವರು ಒಂದು ಅಕ್ಷರ ನುಂಗಿದರೆ ಕಂಬದ ಬಳಿಯಿಂದ ಲಗಮವ್ವನ ತಲೆ ಮೇಲೇಳುತ್ತಿತ್ತು. ಇಳಕಲ್ಲಿನ ಆ ಓಣಿಯಲ್ಲಿ ಯಾವ ಸಪ್ಪಳ ಯಾರ ಮಗ್ಗದ್ದು ಎಂದು ಕಣ್ಣು ಮುಚ್ಚಿಕೊಂಡು ಹೇಳುವವಳು. ಅವಳ ಕಿವಿ ಎಂದರೆ ಓಣಿಗೆಲ್ಲ ನಂಬಿಕೆ. ಅವಳಿಗಂತೂ ಇನ್ನೂ ಹೆಚ್ಚು.

ಸೊಸೆ ರಮಾಬಾಯಿ ತಂಗಿಯ ಬಾಣಂತನಕ್ಕೆಂದು ಚೊಳಚಗುಡ್ಡಕ್ಕೆ ಹೋಗಿ ತಿಂಗಳಾಗಿತ್ತು. ಮಗ ಯಮನಪ್ಪ ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ಹನ್ನೊಂದು ವರ್ಷದ ಮೊಮ್ಮಗಳು ರಾಧಿಕಾ ಶಾಲೆ ಬಿಟ್ಟು ಬಂದಳೆಂದರೆ ಅಜ್ಜಿಯ ಪಾಲು. ರಮಾಬಾಯಿ ಹೊರಡುವಾಗ ಮನೆಯ ಹಳೆಯ ಫೋನನ್ನು ಅತ್ತೆಯ ಕೈಗಿಟ್ಟು, "ಅತ್ತಿ, ಹುಡುಗಿ ಆಟ ಆಡ್ತೇನಿ ಅಂತೈತಿ. ಯಾವುದು ಬೇಕು, ಯಾವುದು ಬ್ಯಾಡ, ನೀವ ನೋಡಿ ಹೇಳ್ರಿ" ಅಂದಿದ್ದಳು.

ಲಗಮವ್ವ ನೋಡಲಿಲ್ಲ. ಕೇಳಿದಳು. ಕುಣಿಯಲ್ಲಿ ಕುಳಿತವರು ಹಾಸಿನ ಮೇಲಿಂದ ಕಣ್ಣು ತೆಗೆದರೆ ಎಳೆ ತಪ್ಪುತ್ತದೆ. ಕಿವಿ ಮಾತ್ರ ಬಿಡುವಾಗಿರುತ್ತದೆ.

ರಾಧಿಕಾ ಮೊದಲು ಹಾಕಿಕೊಂಡ ಆಟದ ಹೆಸರು 'ಕಟ್ಟೋಣ ಬಾ'. ಅದರಿಂದ ಒಂದೇ ಸಮನೆ ಧಡ್, ಧಡ್, ಧಡಾರ್ ಎಂದು ಸಪ್ಪಳ. "ಇದೇನ ಮನಿ ಬೀಳೋ ಸಪ್ಪಳ! ತಗದ ಒಗಿ ಅದನ್ನ" ಅಂದಳು ಅಜ್ಜಿ. ರಾಧಿಕಾ ಮುಖ ಸಣ್ಣ ಮಾಡಿ ತೆಗೆದಳು. ಆಮೇಲೆ ಅಪ್ಪ ಹಾಕಿಕೊಟ್ಟದ್ದು 'ವೀರಘಂಟೆ'. ಅದರಲ್ಲಿ ಮೊದಲು ಶಂಖ, ಆಮೇಲೆ ಡೊಳ್ಳು, ನಡುನಡುವೆ ಢಣ್ ಎಂದು ಗುಡಿಯ ಗಂಟೆ. ಲಗಮವ್ವನ ಮೈ ಜುಮ್ಮೆಂದಿತು. "ಇದು ಇರ್ಲಿ ಕೂಸ. ಇದು ದೇವರ ಆಟ" ಎಂದು ತೀರ್ಪು ಕೊಟ್ಟಳು.

ಅಂದಿನಿಂದ ಫೋನಿನಲ್ಲಿ ಗಂಟೆ ಢಣ್ ಎಂದಾಗಲೆಲ್ಲ ಲಗಮವ್ವ ಲಾಳಿ ಬಿಟ್ಟು ಕೈ ಜೋಡಿಸುವಳು. ಪಕ್ಕದ ಮನೆಯ ಕಾಸಿಂಬಿ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿ ಕೊಡುವ ಗೆಳತಿ, ಇದನ್ನು ಕಂಡು ನಗುವಳು. "ಲಗಮವ್ವಾ, ದಿನಾ ಎಷ್ಟ ಸಲ ಕೈ ಮುಗೀತಿ ಬೇ? ಹಿಂಗಾದ್ರ ಈ ಸೀರಿ ಮಗ್ಗ ಇಳಿಯೋದ್ಯಾವಾಗ?"

ಇವತ್ತು ಆ ಗಂಟೆಯೇ ಇಲ್ಲ.

ಲಗಮವ್ವ ಕುಣಿಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ರಾಧಿಕಾ ಹೊಸ್ತಿಲ ಮೇಲೆ ಕುಳಿತಿದ್ದಳು. ಕಿವಿಯಲ್ಲಿ ಕರಿಯ ವೈರು, ಕಣ್ಣು ಫೋನಿನಲ್ಲಿ, ತುಟಿಯ ಮೇಲೆ ನಗು. ಅಜ್ಜಿಯನ್ನು ಕಂಡದ್ದೇ ಎಗರಿ ಎದ್ದಳು.

"ಆಯಿ! ಆಯಿ! ನಾ ಸುವರ್ಣ ದಳಕ್ಕ ಆರಿಸಿ ಬಂದೇನಿ!"

"ಏನ ದಳ ಅದು?"

"ದೊಡ್ಡ ಯುದ್ಧಕ್ಕ ಹೋಗೋ ದಳ ಆಯಿ! ನೂರ ಮಂದ್ಯಾಗ ಐದ ಮಂದೀನ್ನಷ್ಟ ಆರಿಸ್ತಾರ. ಅದರಾಗ ನಾನೂ ಒಬ್ಬಾಕಿ! ನಮ್ಮ ನಾಯಕ ಬಾಣರಾಯ ಅದಾನಲ್ಲ, ಅವನ ಆರಿಸ್ಯಾನ."

ಯುದ್ಧಕ್ಕೆ ಹೊರಟ ಮೊಮ್ಮಗಳು! ಪುರಾಣದಲ್ಲಿ ರಣಭೇರಿ ಬಂದಾಗ ಮಠದಲ್ಲಿ ಹೇಗೆ ಎದೆ ಹೊಡೆದುಕೊಳ್ಳುತ್ತಿತ್ತೋ ಹಾಗೆಯೇ ಲಗಮವ್ವನ ಎದೆ ಹೊಡೆದುಕೊಂಡಿತು. ಎರಡೂ ಕೈಯಿಂದ ಹುಡುಗಿಯ ಮುಖ ಸವರಿ ಲಟಲಟ ನೆಟಿಗೆ ಮುರಿದಳು.

"ಒಂದ ಕೆಲಸ ಐತಿ ಆಯಿ. ಏಳ ಗಂಟೇಕ ಬಾಣರಾಯ ಆಟದಾಗ ಮಾತಾಡ್ತಾನ. ಅಷ್ಟರಾಗ ನನ್ನ ಫೋಟೋ ಕಳಸ್ಬೇಕಂತ. ನಾ ಇಳಕಲ್ಲಾಕಿ ಅಂದೆ. ಹಂಗಾದ್ರ ಇಳಕಲ್ ಸೀರಿ ಉಟ್ಟ ಕಳಸು ಅಂದಾನ."

"ಸೀರಿ? ಸೀರಿಗೇನು ಬರ ನಮ್ಮ ಮನ್ಯಾಗ!"

ಲಗಮವ್ವ ಟ್ರಂಕು ತೆಗೆದಳು. ತಾನೇ ನೇಯ್ದ, ಗೋಮಿ ದಡಿ ಎಂಬ ಅಂಚಿನ ಸೀರೆ ಹೊರಬಂತು, ಕೆಂಪು ಸೆರಗು ಬೆಂಕಿಯ ಹಾಗೆ ಹೊಳೆಯಿತು. ರಾಧಿಕಾಳ ಫ್ರಾಕಿನ ಮೇಲೆಯೇ ನಿರಿಗೆ ಹಿಡಿಯತೊಡಗಿದಳು. ಹುಡುಗಿ ನಿಂತಲ್ಲಿ ನಿಲ್ಲಲೊಲ್ಲಳು.

"ಸುಮ್ನ ನಿಂದ್ರ! ಅಲ್ಲ, ಯಾರವ ಈ ಬಾಣರಾಯ?"

"ಏಳನೇ ಕ್ಲಾಸಿನ ಹುಡುಗಂತ. ಬಾಗಲಕೋಟಿ ವಿದ್ಯಾಗಿರ್ಯಾಗ ಇರ್ತಾನಂತ."

"ಮತ್ತ ಈ ವೈರ್ ಯಾಕ ಕಿವ್ಯಾಗ? ಗಂಟೀನ ಕೇಳ್ವಲ್ದು ನನಗ."

"ಅವನ ಹೇಳ್ಯಾನ ಆಯಿ. ದಳದ ಮಾತು ಮನ್ಯಾಗ ಯಾರೂ ಕೇಳಬಾರ್ದಂತ. ಗುಟ್ಟಂತ."

ನಿರಿಗೆ ಹಿಡಿದ ಬೆರಳು ಒಂದು ಕ್ಷಣ ನಿಂತವು. ಹಾಸಿನ ಮೇಲೆ ಕೈಯಾಡಿಸುವಾಗ ಎಲ್ಲೋ ಒಂದು ಗಂಟು ಬೆರಳಿಗೆ ತಾಗಿದ ಹಾಗಾಯಿತು. ಲಗಮವ್ವ ಕೇಳಿದ ಯಾವ ಪುರಾಣದಲ್ಲೂ ವೀರರು ಮನೆಯವರಿಗೆ ಕದ್ದು ಯುದ್ಧಕ್ಕೆ ಹೋದದ್ದಿಲ್ಲ. ತಾಯಿಯ ಕಾಲಿಗೆರಗಿ, ಊರೆಲ್ಲ ಕೇಳುವಂತೆ ಹೇಳಿ ಹೋಗುತ್ತಾರೆ. ಆದರೆ ಹುಡುಗಿಯ ಖುಷಿ ಕಂಡು ಅವಳು ಮತ್ತೆ ನಿರಿಗೆ ಹಿಡಿಯತೊಡಗಿದಳು.

ಅಷ್ಟರಲ್ಲಿ ಕಾಸಿಂಬಿ ಕಂಡಿಕೆಯ ಬುಟ್ಟಿ ಹಿಡಿದು ಬಂದಳು. ಹಿಂದೆಯೇ ಮಗಳು ಮುಬಶೀರಾ. ಹುನಗುಂದದ ಹತ್ತಿರದ ಹಳ್ಳಿಯೊಂದರ ಗ್ರಂಥಾಲಯ ನೋಡಿಕೊಳ್ಳುವವಳು, ಆಗತಾನೆ ಬಸ್ಸಿಳಿದು ಬಂದಿದ್ದಳು. ಗ್ರಂಥಾಲಯದ ಕಂಪ್ಯೂಟರಿಗೆ ಮಕ್ಕಳು ಮುಗಿಬೀಳುತ್ತಾರೆ. ಅವರ ಜೊತೆ ಕುಳಿತು ತಾನೂ ಆಡಿ, ಅವರನ್ನೇ ಸೋಲಿಸುವಷ್ಟು ಚುರುಕು ಈ ಮುಬಶೀರಾ.

"ಏನ್ರಿ ಕಾಕಿ, ಯಾವ ನಾಟಕಕ್ಕ ತಯಾರಿ ಇದು?"

ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೇ ಹೇಳತೊಡಗಿದರು. ಸುವರ್ಣ ದಳ, ಬಾಣರಾಯ, ಏಳು ಗಂಟೆ, ಫೋಟೋ. ಮುಬಶೀರಾ ನಗುನಗುತ್ತಲೇ ಕೇಳುತ್ತಿದ್ದವಳು 'ಗುಟ್ಟು' ಎಂಬ ಮಾತು ಬಂದಾಗ ನಗುವುದನ್ನು ನಿಲ್ಲಿಸಿದಳು. ಗೋಡೆಯ ಗಡಿಯಾರ ನೋಡಿದಳು. ಐದೂವರೆ.

"ಕಾಕಿ, ಆ ಆಟ ನೀವು ನೋಡೀರೇನು?"

"ತಿಂಗಳಗಟ್ಲೆ ಕೇಳೇನಲ್ಲ!"

"ಕೇಳೀರಿ. ನೋಡೀರಿ?"

ಮುಬಶೀರಾ ಸೀರೆಯ ಸೆರಗು ಕೈಗೆತ್ತಿಕೊಂಡಳು. "ಯಾರರ ಒಂದು ಸೀರಿ ತಂದು ಛಲೋ ಐತೇನು ನೋಡ್ರಿ ಅಂದ್ರ ನೀವು ಮೊದಲ ಏನ ಮಾಡ್ತೀರಿ?"

"ತಿರುವಿ ನೋಡ್ತೇನಿ. ಸೆರಗು ಕೂಡಿದಲ್ಲೆ ಒಳಮೈ ನೋಡ್ತೇನಿ. ಹೊರಮೈ ಯಾರರ ಚಂದ ಮಾಡ್ತಾರ."

"ಹಂಗಾದ್ರ ಬರ್ರಿ. ಆಟಾನೂ ತಿರುವಿ ನೋಡೂಣು. ಏಳ ಗಂಟೇಕ ಇನ್ನೂ ಟೈಮ್ ಐತಿ."

ಆಗಲೇ ಯಮನಪ್ಪ ಬಂದ. ತಲೆಯಿಂದ ಕಾಲಿನವರೆಗೆ ಕಲ್ಲಿನ ಬಿಳಿ ಧೂಳು.

"ಏನ ಪಂಚಾಯ್ತಿ ನಡದೈತಿ ನಮ್ಮ ಮನ್ಯಾಗ?" ವಿಷಯ ಕೇಳಿ ನಕ್ಕುಬಿಟ್ಟ. "ಅಯ್ಯ ತಂಗಿ, ಅದು ಬಂದೂಕಿನ ಆಟಲ್ಲ. ಗಂಟಿ, ಶಂಖ. ನಮ್ಮವ್ವನ ಪಾಸ್ ಮಾಡ್ಯಾಳ! ಆಟ ಅಂದ್ರ ಆಟ. ನಾವು ಸಣ್ಣಾವ್ರಿದ್ದಾಗ ಗೋಲಿ ಆಡಲಿಲ್ಲೇನು?"

"ಗೋಲಿ ಆಡುವಾಗ ನಿಮ್ಮ ಎದುರಿಗೆ ಯಾರ ಕುಂತಿದ್ರು ಅಣ್ಣಾರ?"

"ಯಾರ? ನಮ್ಮ ಓಣಿಯವ್ರು. ರಾಜಮಹ್ಮದ, ಬೀರಲಿಂಗ..."

"ಈ ಆಟದಾಗ ನಿಮ್ಮ ಮಗಳ ಎದುರಿಗೆ ಯಾರ ಕುಂತಾರ?"

ಯಮನಪ್ಪ ತಲೆ ಕೆರೆದುಕೊಂಡ. ಬಿಳಿ ಧೂಳು ಉದುರಿತು. ಉತ್ತರ ಉದುರಲಿಲ್ಲ. ಅದಕ್ಕೇ ಸಿಟ್ಟು ಬಂತು. "ಹಂಗಾದ್ರ ಈ ಫೋನ್ ಕಲ್ಲಿಗೆ ಕುಕ್ಕಿ ಬಿಡ್ತೇನಿ, ಮುಗೀತು!"

"ಒಂದ ಕಲ್ಲು ಸೀಳಿತಂತ ಕಾರ್ಖಾನಿ ಮುಚ್ಚತೀರೇನ್ರಿ? ಯಾವ ಕಲ್ಲು ಸೀಳೈತಿ ಅಂತ ತಟ್ಟಿ ನೋಡ್ತೀರಿಲ್ಲ? ಕುಂಡ್ರಿ. ಎರಡೂ ಆಟಾನ ತಟ್ಟಿ ನೋಡೂಣು. ಮೊದಲ, ಕಾಕಿ ತಗಸಿದ್ದು ಯಾವುದು?"

"ಕಟ್ಟೋಣ ಬಾ!" ರಾಧಿಕಾ ಚೀರಿದಳು.

ಮುಬಶೀರಾ ಆ ಆಟವನ್ನು ಇಳಿಸಿಕೊಳ್ಳುವ ಪುಟ ತೆಗೆದು ಲಗಮವ್ವನ ಮುಂದೆ ಹಿಡಿದಳು. "ಕಾಕಿ, ಓದಾಕ ಬರಲಿಲ್ಲಂದ್ರೂ ಅಂಕಿ ಬರ್ತಾವಲ್ಲ? ಇದೇನೈತಿ?"

"ಮೂರು. ಬಾಜೂಕ ಒಂದ ಕೂಡಿಸೋ ಗುರ್ತು."

"ಅಂದ್ರ ಮೂರು ವರ್ಷ ಮತ್ತ ಅದಕ್ಕೂ ದೊಡ್ಡ ಮಕ್ಕಳಿಗೆ ನಡೀತೈತಿ ಅಂತ. ಮೂರು, ಏಳು, ಹನ್ನೆರಡು, ಹದಿನಾರು, ಹದಿನೆಂಟು, ಹಿಂಗ ಬರದಿರ್ತಾರ. ಇದು ಮೊದಲನೇ ಬಾಗಲಾ. ಬರೇ ಇದನ್ನ ನೋಡಿ ಒಳಗ ಬಿಡೋದಲ್ಲ. ಈಗ ಇದನ್ನ ಮತ್ತ ಹಾಕ್ತೇನಿ, ನೀವು ಆಡ್ರಿ."

"ನಾನು?"

"ಹೂಂ, ನೀವ. ಸೀರಿ ಮುಟ್ಟದ ಹೆಂಗ ಗೊತ್ತಾಗ್ತೈತಿ?"

ಲಗಮವ್ವ ಕುಣಿಯ ಅಂಚಿನಲ್ಲಿ ಕುಳಿತು ಫೋನು ಹಿಡಿದಳು, ಎಳೆಗೂಸು ಹಿಡಿದ ಹಾಗೆ. ನೂಲು ಎಳೆದು ಎಳೆದು ಒರಟಾದ ಬೆರಳು ಗಾಜಿನ ಮೇಲೆ ಜಾರಿತು. ಒಂದು ಬಣ್ಣದ ಕಲ್ಲು ಮೇಲಿಂದ ಬಂದು ಧಡ್ ಎಂದು ಕುಳಿತಿತು.

"ಯವ್ವಾ! ಇದು ಮನಿ ಬೀಳೋ ಸಪ್ಪಳ ಅಲ್ಲ! ಕಲ್ಲು ಕೂಡೋ ಸಪ್ಪಳ!"

ಇನ್ನೊಂದು ಧಡ್. ಮತ್ತೊಂದು. ನಾಲ್ಕನೆಯದು ಅಂಚಿಗೆ ಬಂದು ವಾಲಾಡಿತು. "ಬೀಳ್ತೈತಿ, ಬೀಳ್ತೈತಿ!" ಎಂದು ಕಾಸಿಂಬಿ ಬುಟ್ಟಿ ಬಿಟ್ಟು ಎದ್ದಳು. ಯಮನಪ್ಪ ಕೈಕಾಲು ತೊಳೆಯುವುದನ್ನೂ ಮರೆತು ತಾಯಿಯ ಹೆಗಲ ಮೇಲಿಂದ ಬಗ್ಗಿದ. "ಯವ್ವಾ, ಅದಲ್ಲ, ಅಡ್ಡ ಇಡು! ಸಂದು ಬಿಡಬ್ಯಾಡ! ಕಲ್ಲಿನ ಮ್ಯಾಲ ಕಲ್ಲು ಹಂಗ ಕುಂಡ್ರಾಂಗಿಲ್ಲ!"

"ನೀ ಸುಮ್ನಿರ್ಲೇ, ನಾ ಕಟ್ಟಾಕತ್ತೇನಿ!"

ಹತ್ತು ನಿಮಿಷದಲ್ಲಿ ಬನಶಂಕರಿಯ ಹೊಂಡದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಹೊಂಡ ಎದ್ದು ನಿಂತಿತು. ನೀರು ತುಂಬಿಕೊಂಡಿತು. ಬಾತುಕೋಳಿಯೊಂದು ತೇಲಿ ಬಂತು. ಐವರೂ ಹೋ ಎಂದು ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುವವರು ಇಣುಕಿ ನೋಡಿದರು.

"ಆಯಿ, ನೀ ನನಗಿಂತ ಛಲೋ ಕಟ್ಟೀದಿ! ಮತ್ತ ಯಾಕ ತಗಸಿದಿ ಇದನ್ನ?"

ಲಗಮವ್ವ ನಾಚಿಕೊಂಡಳು. "ಕಿವಿ ಮಾತ ಕೇಳಿ ತಗಸಿದೆ ಕೂಸ."

"ಇನ್ನೂ ಪಾಸ್ ಆಗಿಲ್ರಿ," ಮುಬಶೀರಾ ತಡೆದಳು. "ಇದರ ಒಳಮೈ ನೋಡೂಣು. ಗೊತ್ತಿಲ್ಲದವರು ಇದರಾಗ ಬಂದು ಮಾತಾಡ್ತಾರೇನು? ಇಲ್ಲ, ಒಬ್ಬರ ಆಡೋದು. ಏನರ ಖರೀದಿ ಮಾಡು ಅಂತೈತೇನು? ಅಂತೈತಿ, ಇಲ್ಲೆ ನೋಡ್ರಿ, ಬಂಗಾರದ ಕಲ್ಲು ಮಾರಾಕ ಇಟ್ಟಾರ. ಅದಕ್ಕ ಅಣ್ಣಾರ ಒಂದು ಗುಟ್ಟಿನ ಅಂಕಿ ಹಾಕಿ ಕೀಲಿ ಹಾಕ್ಲಿ. ನಡುನಡುವ ಜಾಹೀರಾತೂ ಬರ್ತಾವ, ಒಮ್ಮೊಮ್ಮೆ ಕೆಟ್ಟವೂ ಬರ್ತಾವ. ಅದಕ್ಕ ದೊಡ್ಡವರ ಕಣ್ಣ ಮುಂದ ಆಡಬೇಕು. ದಿನಕ್ಕ ಅರ್ಧ ತಾಸು ಅಂತ ನೀವ ಕೂತು ಗೊತ್ತ ಮಾಡ್ರಿ. ಇಷ್ಟಾದ್ರ ಇದು ನಡೀತೈತಿ."

ಆರೂ ಕಾಲು ಆಗಿತ್ತು. "ಈಗ ಗಂಟೀದು" ಅಂದಳು ಮುಬಶೀರಾ.

ಲಗಮವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ತನ್ನ ಆಟ! ಪಾಸಾಗದೆ ಎಲ್ಲಿ ಹೋದೀತು?

ಪುಟ ತೆರೆಯಿತು. ಲಗಮವ್ವ ಅಂಕಿ ನೋಡಿದಳು. ಒಂದು, ಅದರ ಪಕ್ಕ ಆರು.

"ಹದಿನಾರು," ಅಂದಳು ಮೆಲ್ಲಗೆ. "ಕೂಸ, ನಿನಗೆಷ್ಟು?"

"ಹನ್ನೊಂದು."

ಯಮನಪ್ಪ ಕೆಮ್ಮಿದ. "ಹಾಕೋ ಮುಂದ ನಾ ಅದನ್ನ ನೋಡ್ಲಿಲ್ಲ ಬಿಡು."

ರಾಧಿಕಾ ವೈರು ತೆಗೆದು ಆಟ ಹಚ್ಚಿದಳು. ಶಂಖ ಊದಿತು, ಡೊಳ್ಳು ಬಡಿಯಿತು. ಲಗಮವ್ವನ ಕಾಲು ತಾನಾಗಿ ತಾಳ ಹಾಕಿತು. ಕಿರೀಟ ತೊಟ್ಟ ವೀರನೊಬ್ಬ ಕತ್ತಿ ಎತ್ತಿ ಓಡುತ್ತಿದ್ದ. ಎದುರಿಗೆ ಇನ್ನೊಬ್ಬ. ಕತ್ತಿ ಬೀಸಿತು. ತಲೆ ಉರುಳಿತು, ಕೆಂಪು ಚಿಮ್ಮಿತು.

ಢಣ್.

ಲಗಮವ್ವನ ಕೈ ರೂಢಿಯಂತೆ ಮೇಲೆದ್ದದ್ದು ಅರ್ಧಕ್ಕೆ ನಿಂತಿತು.

"ಕೂಸ, ಗಂಟಿ ಯಾವಾಗ ಬಡೀತೈತಿ?"

"ಒಬ್ಬನ್ನ ಕೊಂದ್ರ ಒಂದ ಸಲ ಆಯಿ."

ಢಣ್. ಢಣ್. ಲಗಮವ್ವ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ತಿಂಗಳಗಟ್ಲೆ ನಾ ಯಾತಕ್ಕ ಕೈ ಮುಗದೆ ಕಾಸಿಂಬಿ?"

ಕಾಸಿಂಬಿ ನಗಲಿಲ್ಲ. ಆ ಕೈಗಳನ್ನು ಹಿಡಿದುಕೊಂಡಳು.

ಯಮನಪ್ಪ ಇನ್ನೂ ಸೋಲಲು ಸಿದ್ಧನಿರಲಿಲ್ಲ. "ಯವ್ವಾ, ಪುರಾಣದಾಗೂ ಯುದ್ಧ ಇಲ್ಲೇನು? ಅಲ್ಲೂ ತಲಿ ಬೀಳ್ತಾವಲ್ಲ?"

"ಬೀಳ್ತಾವಪಾ. ಆದ್ರ ಅಲ್ಲೆ ಬಿದ್ದವನಿಗೆ ಒಬ್ಬಾಕಿ ತಾಯಿ ಇರ್ತಾಳ. ಆಕಿ ಅಳೋದನ್ನ ಓದಿ ಕೇಳಿಸ್ತಾರ. ಕೇಳಿ ನಾವೂ ಅಳ್ತೇವಿ. ಇದರಾಗ ಬಿದ್ದವ ಹೊಗಿಯಾಗಿ ಹೋಗ್ತಾನ. ಗಂಟಿ ಬಡೀತೈತಿ. ಮುಂದಿನವನ ಮ್ಯಾಲ ಓಡಬೇಕು. ಹನ್ನೊಂದ ವರ್ಷದ ಕೂಸಿಗೆ ಇದು ಏನ ಕಲಸ್ತೈತಿ?"

ಯಮನಪ್ಪ ತಾಯಿಯ ಪಕ್ಕ ಕುಕ್ಕರಿಸಿದ.

"ಇನ್ನ ಒಳಮೈ," ಅಂದಳು ಮುಬಶೀರಾ. "ರಾಧಿಕಾ, ಬಾಣರಾಯ ಬರದದ್ದನ್ನ ತೋರಸ್ತೀಯೇನವ್ವಾ? ಬೈಯಾಂಗಿಲ್ಲ. ಆಣಿ ಮಾಡಿ ಹೇಳ್ತೇನಿ."

ಹುಡುಗಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ಫೋನು ಕೊಟ್ಟಳು. ಮುಬಶೀರಾ ಒಂದೊಂದಾಗಿ ಓದಿದಳು. ಮೊದಮೊದಲು ಎಲ್ಲ ಹೊಗಳಿಕೆ. ನಿನ್ನಂಥ ವೀರೆ ಇಲ್ಲ. ನಿನ್ನ ಹಾಗೆ ಕತ್ತಿ ಬೀಸುವವರಿಲ್ಲ. ಆಮೇಲೆ ಪ್ರಶ್ನೆ. ಶಾಲೆ ಯಾವುದು? ಓಣಿ ಯಾವುದು? ಅಪ್ಪ ಮನೆಗೆ ಬರುವುದು ಎಷ್ಟಕ್ಕೆ? ಸಂಜೆ ಮನೆಯಲ್ಲಿ ಯಾರಿರುತ್ತಾರೆ?

ಮೊದಲ ಮೂರಕ್ಕೆ ರಾಧಿಕಾ 'ಆಮ್ಯಾಲ ಹೇಳ್ತೇನಿ' ಎಂದು ಬರೆದಿದ್ದಳು. ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿದ್ದಳು. ಮುಬಶೀರಾ ಅದನ್ನು ಓದಲು ಹಿಂಜರಿದಳು.

"ಓದು," ಅಂದಳು ಲಗಮವ್ವ.

"ಆಯಿ ಒಬ್ಬಾಕಿ ಇರ್ತಾಳ. ಆಕಿ ನೋಡಾಂಗಿಲ್ಲ."

ಯಮನಪ್ಪ ಧಡಕ್ಕನೆ ಎದ್ದು ಮಗಳ ಕಡೆ ಕೈ ಎತ್ತಿದ. ಮುಬಶೀರಾ ನಡುವೆ ಬಂದಳು.

"ಅಣ್ಣಾರ! ಇವತ್ತ ಆಕಿಗೆ ಒಂದ ಏಟ ಹಾಕಿದ್ರ ನಾಳೆ ಆಕಿ ನಿಮಗ ಏನೂ ಹೇಳಾಂಗಿಲ್ಲ. ಅವನಿಗೆ ಬೇಕಾಗಿದ್ದೂ ಅದ. ಆಕಿ ತಾನ ಫೋನ್ ತಗದು ಕೈಯಾಗ ಕೊಟ್ಟಾಳ. ಅದು ಸಣ್ಣ ಮಾತೇನು?"

"ತಪ್ಪು ನಂದು," ಅಂದಳು ಲಗಮವ್ವ. "ಸೊಸಿ ನೋಡ್ರಿ ಅಂದ್ಲು. ನಾ ಕೇಳಿದೆ."

ರಾಧಿಕಾ ಬಿಕ್ಕತೊಡಗಿದಳು. "ಫೋಟೋ ಕಳಸಲಿಲ್ಲಂದ್ರ ದಳದಿಂದ ತಗದ ಒಗೀತಾನ ಆಯಿ. ನೂರ ಮಂದ್ಯಾಗ ಐದ ಮಂದಿ..."

ಲಗಮವ್ವ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಮುಬಶೀರಾ ಬಾಣರಾಯ ಬರೆದದ್ದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ಯಮನಪ್ಪನ ಫೋನಿಗೆ ಕಳಿಸಿದಳು. "ಇದನ್ನ ಅಳಸಬ್ಯಾಡ್ರಿ. ಇದ ಸಾಕ್ಷಿ."

ಗಡಿಯಾರದಲ್ಲಿ ಏಳಕ್ಕೆ ಐದು ನಿಮಿಷ.

ಇಲ್ಲಿ ಸ್ವಲ್ಪ ನಿಲ್ಲೋಣ. ಪುರಾಣ ಹೇಳುವವರು ಕಥೆ ಏರಿದಾಗ ಪುಸ್ತಕದ ಮೇಲೆ ಕೈಯಿಟ್ಟು, ಕೇಳುವವರ ಮುಖ ನೋಡಿ ಎರಡು ಮಾತು ಹೇಳುತ್ತಾರಲ್ಲ, ಹಾಗೆ. ಐದು ನಿಮಿಷ ನಮ್ಮ ಕೈಯಲ್ಲಿದೆ.

ಮುಂದೇನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಜೀವ ತಳಮಳಿಸುವುದು ಬೇಡ. ಆ ರಾತ್ರಿಯೇ ಬಾಣರಾಯನನ್ನು ಬ್ಲಾಕ್ ಮಾಡಿದರು, ಆಟದವರಿಗೆ ದೂರು ಕೊಟ್ಟರು. 1098, ಅಂದರೆ ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರು. ಮರುದಿನ ಯಮನಪ್ಪ ಅರ್ಧ ದಿನ ರಜೆ ಹಾಕಿ, ಆ ಸ್ಕ್ರೀನ್‌ಶಾಟುಗಳೊಂದಿಗೆ ಪೊಲೀಸ್ ಠಾಣೆಗೆ ಹೋಗಿ ಬಂದ. ಚೊಳಚಗುಡ್ಡಕ್ಕೆ ಫೋನು ಮಾಡಿ ರಮಾಬಾಯಿಗೆ ಒಂದನ್ನೂ ಮುಚ್ಚಿಡದೆ ಹೇಳಿದರು. 'ವೀರಘಂಟೆ' ಹೋಯಿತು, 'ಕಟ್ಟೋಣ ಬಾ' ಉಳಿಯಿತು. ರಾಧಿಕಾ ಈಗ ಹಿತ್ತಲಲ್ಲಿ ಕೂಡುವುದಿಲ್ಲ. ಮಗ್ಗದ ಎದುರಿಗೆ, ಫೋನಿನ ಮುಖ ಅಜ್ಜಿಯ ಕಡೆ ಇರುವ ಹಾಗೆ ಕೂಡುತ್ತಾಳೆ. ಲಾಳಿಯ ಕಂಡಿಕೆ ಮುಗಿದು ಬದಲಿಸುವಾಗಲೆಲ್ಲ ಲಗಮವ್ವ ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ಒಂದು ಸೀರೆ ಇಳಿಯುವುದರೊಳಗೆ ಎಷ್ಟು ಕಂಡಿಕೆ ಬೇಕು ಎಂದು ನೇಯುವವರಿಗೆ ಗೊತ್ತು.

ಈಗ ನಿಮ್ಮ ಮಾತು. ಈ ಹಾಳೆ ಓದುತ್ತಿರುವ ಅಕ್ಕ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅವ್ವ, ರೇಡಿಯೋ ಮುಂದಿರುವ ಅಣ್ಣ. ನಿಮ್ಮ ಮಗು ಆಡುವ ಆಟ ನೀವು ನೋಡಿದ್ದೀರಾ? ಊರಿನ ಮಕ್ಕಳೆಲ್ಲ ಆಡುತ್ತಾರೆ ಎಂಬುದು ಒಂದು ಆಟ ಒಳ್ಳೆಯದು ಎನ್ನುವುದಕ್ಕೆ ಸಾಕ್ಷಿ ಅಲ್ಲ. ಸಪ್ಪಳ ಜೋರಿದೆ ಎಂಬುದು ಕೆಟ್ಟದ್ದು ಎನ್ನುವುದಕ್ಕೂ ಸಾಕ್ಷಿ ಅಲ್ಲ. ಆಟ ಇಳಿಸಿಕೊಳ್ಳುವ ಪುಟದಲ್ಲಿ ವಯಸ್ಸಿನ ಅಂಕಿ ಇರುತ್ತದೆ, ಅದನ್ನು ನೋಡಿ. ಆಮೇಲೆ ಮಗುವಿನ ಪಕ್ಕ ಕುಳಿತು ನೀವೇ ಒಂದು ಸಲ ಆಡಿ. ಸೋಲುತ್ತೀರಿ, ಮಕ್ಕಳು ನಗಾಡುತ್ತಾರೆ, ಆಗಲಿ. ಆಡುವಾಗ ಗೆಲ್ಲುವುದಕ್ಕೆ ಏನು ಮಾಡಬೇಕು ಎಂಬುದನ್ನು ಗಮನಿಸಿ. ಮಗು ಕಲಿಯುವುದು ಅದನ್ನೇ. ಗುರುತಿಲ್ಲದವರು ಒಳಗೆ ಬಂದು ಮಾತಾಡಬಹುದೇ ಎಂದು ಹುಡುಕಿ, ಮುಚ್ಚಲು ಬರುವುದಿದ್ದರೆ ಮುಚ್ಚಿ. ಖರೀದಿಗೆ ಕೀಲಿ ಹಾಕಿ. ಎಷ್ಟು ಹೊತ್ತು ಆಡಬೇಕೆಂದು ಮಗುವಿನ ಜೊತೆ ಕೂತು ಮಾತಾಡಿ, ಗೊತ್ತು ಮಾಡಿ, ನೀವೂ ಆ ಮಾತಿಗೆ ನಿಲ್ಲಿ. ಓದಲು ಬರದಿದ್ದರೆ ಓಣಿಯಲ್ಲಿ ಒಬ್ಬಳು ಮುಬಶೀರಾ ಇದ್ದೇ ಇರುತ್ತಾಳೆ, ಕೇಳಲು ನಾಚಬೇಡಿ. ಆಟದಲ್ಲಿ ಯಾರಾದರೂ ಫೋಟೋ ಕೇಳಿದರೆ, ಮನೆಯವರಿಗೆ ಹೇಳಬೇಡ ಎಂದರೆ, ಮಗುವನ್ನು ಬೈಯಬೇಡಿ. 1098ಕ್ಕೆ ಕರೆ ಮಾಡಿ. ಫೋನಿನ ಮೂಲಕ ಹಣದ ಮೋಸವಾಗಿದ್ದರೆ 1930 ಕೂಡ ಇದೆ.

ಮತ್ತೆ ನಿಮ್ಮ ಮಕ್ಕಳಿಗೆ ಒಂದು ಮಾತು ಕಲಿಸಿ. ಯಾವ ಮಾತು ಎಂದು ನಾನು ಹೇಳುವುದಕ್ಕಿಂತ ರಾಧಿಕಾಳ ಬಾಯಿಂದಲೇ ಕೇಳುವುದು ಛಲೋ. ಇಗೋ, ಗಡಿಯಾರದ ಮುಳ್ಳು ಏಳಕ್ಕೆ ಬಂತು.

ಫೋನು ಬಡಿಯಿತು. ಆಟದೊಳಗಿಂದ ಬಂದ ಕರೆ. ಅದಕ್ಕೂ ಅದೇ ಗಂಟೆ, ಢಣ್, ಢಣ್.

ರಾಧಿಕಾಳ ಕೈ ವೈರಿನ ಕಡೆ ಹೋಯಿತು. ಲಗಮವ್ವ ಅದನ್ನು ಮೆಲ್ಲಗೆ ತೆಗೆದು ಕಂಡಿಕೆಯ ಬುಟ್ಟಿಗೆ ಹಾಕಿದಳು. "ಎಲ್ಲಾರೂ ಕೇಳೂಣು."

"ರಾಧಿಕಾ, ಎತ್ತಲಿಲ್ಲಂದ್ರೂ ನಡೀತೈತಿ," ಅಂದಳು ಮುಬಶೀರಾ. "ಎತ್ತೋದಿದ್ರ ನಾವೆಲ್ಲಾ ಇಲ್ಲೇ ಅದೇವಿ. ಬೈಯೂದು ಬ್ಯಾಡ, ಕಾರಣ ಹೇಳೂದು ಬ್ಯಾಡ. ಒಂದ ಮಾತು."

ರಾಧಿಕಾ ಅಪ್ಪನನ್ನು ನೋಡಿದಳು. ಯಮನಪ್ಪ ಬಂದು ಮಗಳ ಬೆನ್ನ ಹಿಂದೆ ಕುಳಿತ. ಅವಳು ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹಿಡಿದಳು.

"ರಾಧಿಕಾ? ಒಬ್ಬಾಕೀನ ಅದೀಯಲ್ಲ?" ಜೇನಿನಂಥ ದನಿ. "ಎಲ್ಲಿ ಫೋಟೋ? ಸೀರಿ ಉಟ್ಟಿ ಇಲ್ಲೋ?"

ಲಗಮವ್ವ ಕಣ್ಣು ಮುಚ್ಚಿದಳು. ಒಂದು ಸಪ್ಪಳಕ್ಕೆ ಯಾರ ಮಗ್ಗ ಎಂದು ಹೇಳುವ ಕಿವಿ ಅದು. ಅಡಗಿಸಿದ ಕೆಮ್ಮು, ತಂಬಾಕಿನಿಂದ ಒರಟಾದ ಗಂಟಲು, ಮೇಲೆ ಎಳಸಾಗಿ ಮಾಡಿಕೊಂಡ ಹುಡುಗನ ದನಿ. ಕಣ್ಣು ತೆರೆದು ನಾಲ್ಕು ಬೆರಳು ಎತ್ತಿ ತೋರಿಸಿದಳು. ಏಳನೇ ಕ್ಲಾಸಿನ ಹುಡುಗ ಅಲ್ಲ. ನಲವತ್ತು ದಾಟಿದವನು.

ರಾಧಿಕಾ ಆ ನಾಲ್ಕು ಬೆರಳು ನೋಡಿದಳು. ಹೆಗಲ ಮೇಲಿನ ಕೆಂಪು ಸೆರಗನ್ನು ಇಳಿಸಿ ಅಜ್ಜಿಯ ಮಡಿಲಲ್ಲಿ ಇಟ್ಟಳು.

"ಲಗೂನ ಕಳಸು. ಇಲ್ಲಂದ್ರ ದಳದಾಗ ನಿನ್ನ ಹೆಸರು ಇರಾಂಗಿಲ್ಲ ನೋಡು. ಕಳಸ್ತಿಯಿಲ್ಲ?"

"ಇಲ್ಲ," ಅಂದಳು ರಾಧಿಕಾ. "ಕಳಸಾಂಗಿಲ್ಲ."